ಪಕ್ಕಕ್ಕೆ ಸರಿದ ಸವಾರ

“ಗುರುಗಳೇ, ಕಣ್ಣು ಮುಚ್ಚಿ ಕೂತರೆ ಊರು ಮರೆತುಹೋಗುತ್ತದೆ, ಮನೆ ಮರೆತುಹೋಗುತ್ತದೆ. ‘ನಾನು’ ಎಂಬುದೊಂದು ಮಾತ್ರ ಜಪ್ಪಯ್ಯ ಅಂದರೂ ಹೋಗುವುದಿಲ್ಲ. ಅದನ್ನು ನಿಜವಾಗಿ ಮರೆತವರು ಯಾರಾದರೂ ಇದ್ದಾರೆಯೇ?” ಎಂದು ಶಿಷ್ಯ ಸಿದ್ಧವೀರ ಕೇಳಿದ.

ಗುರುಗಳು ನಕ್ಕರು. “ಇದ್ದ ಮಾರಾಯ, ಒಬ್ಬನಿದ್ದ. ಸನ್ಯಾಸಿಯಲ್ಲ, ಯೋಗಿಯೂ ಅಲ್ಲ. ಇಟಲಿ ದೇಶದಲ್ಲಿ ಸೈಕಲ್ ತುಳಿದು ಹೊಟ್ಟೆ ಹೊರೆಯುತ್ತಿದ್ದವನು. ಮೂಗು ಮುರಿಯಬೇಡ. ಅಲ್ಲಿಂದ ಬಂದ ಯಾತ್ರಿಕನೊಬ್ಬ ನನಗೆ ಹೇಳಿದ್ದು, ಕೇಳು” ಎಂದು ಹೇಳತೊಡಗಿದರು.

ಆ ದೇಶದಲ್ಲಿ ಸೈಕಲ್ ಪಂದ್ಯವೆಂದರೆ ಜನಕ್ಕೆ ಹುಚ್ಚು. ಸವಾರರು ತಂಡ ಕಟ್ಟಿಕೊಂಡು, ಬೆಟ್ಟ ಹತ್ತಿ ಇಳಿದು, ಊರಿಂದೂರಿಗೆ ಸ್ಪರ್ಧಿಸುತ್ತಾರೆ. ತಂಡಕ್ಕೊಬ್ಬ ನಾಯಕ. ಗೆಲ್ಲಬೇಕಾದವನು ಅವನೊಬ್ಬನೇ. ಅವನನ್ನು ಗೆಲ್ಲಿಸುವುದು ಉಳಿದವರ ಕೆಲಸ. ಅವನಿಗೆ ನೀರು ತಂದುಕೊಡಬೇಕು. ಅವನ ಚಕ್ರ ಪಂಕ್ಚರ್ ಆದರೆ ತಮ್ಮದನ್ನು ಬಿಚ್ಚಿಕೊಡಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಅವನ ಮುಂದೆ ಹೋಗಿ ಎದುರುಗಾಳಿಗೆ ಎದೆಯೊಡ್ಡಬೇಕು. ಮುಂದಿನವನು ಗಾಳಿ ತಡೆದರೆ ಹಿಂದಿನವನ ಕಾಲಿನ ಕಸುವು ಉಳಿಯುತ್ತದೆ. ಕೊನೆಯ ಗೆರೆ ಕಣ್ಣಿಗೆ ಬಿದ್ದ ಕೂಡಲೇ ಮುಂದಿನವನು ಪಕ್ಕಕ್ಕೆ ಸರಿದು ದಾರಿ ಬಿಡಬೇಕು. ನಾಯಕ ನುಗ್ಗಿ ಗೆಲ್ಲುತ್ತಾನೆ. ಹಾರ ಅವನಿಗೆ.

ನಮ್ಮವನು ಹುಡುಗನಾಗಿದ್ದಾಗ ಸುತ್ತಲಿನ ಊರುಗಳ ಪಂದ್ಯಗಳನ್ನೆಲ್ಲ ಗೆದ್ದವನೇ. ದೊಡ್ಡ ತಂಡಕ್ಕೆ ಸೇರಿದಾಗ ಸಿಕ್ಕಿದ್ದು ಈ ಗಾಳಿ ತಡೆಯುವ ಕೆಲಸ. ಮೊದಮೊದಲು ಹೊಟ್ಟೆ ಉರಿಯಿತಂತೆ. ಉರಿಯದೆ ಇರುತ್ತದೆಯೇ? ವರ್ಷಗಳು ಕಳೆದಂತೆ ಅದೂ ತಣ್ಣಗಾಯಿತು. ಸುಮ್ಮನೆ ಪೇಟೆಗೆ ಹೊರಟಾಗಲೂ ಗಾಳಿ ಬೀಸುವ ಕಡೆಗೇ ಬಂದು ನಡೆಯುತ್ತಾನೆ ಎಂದು ಹೆಂಡತಿ ನಗುತ್ತಿದ್ದಳು. ನಾಯಕನ ಮನೆಯ ಗೋಡೆ ತುಂಬ ಗೆಲುವಿನ ಫೋಟೊಗಳು. ಇವನ ಮನೆಯಲ್ಲಿ ಒಂದೂ ಇಲ್ಲ.

ಕೊನೆಗೆ ಮೊಣಕಾಲು ಸೋತವು. ಇನ್ನೊಂದೇ ಪಂದ್ಯ, ಆಮೇಲೆ ಸಾಕು ಎಂದುಕೊಂಡ. ಆ ಬೆಳಿಗ್ಗೆ ನಾಯಕ ಜ್ವರ ಬಂದು ಮಲಗಿಬಿಟ್ಟ. ಇವನನ್ನು ಹತ್ತಿರ ಕರೆದು, ಕೈ ಹಿಡಿದು, “ಗೆಳೆಯಾ, ಇಷ್ಟು ವರ್ಷ ನನಗಾಗಿ ತುಳಿದೆ. ಇವತ್ತು ನಿನಗಾಗಿ ತುಳಿ” ಎಂದ. ಹೆಂಡತಿ ಮಗಳನ್ನು ಕರೆದುಕೊಂಡು ಹೋಗಿ ಕೊನೆಯ ಗೆರೆಯ ಬಳಿ ನಿಂತಳು. ಅಪ್ಪ ಗೆದ್ದದ್ದನ್ನು ಆ ಮಗು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

ಅವತ್ತು ಅವನು ತುಳಿದದ್ದನ್ನು ನೋಡಬೇಕಿತ್ತಂತೆ! ಬೆಟ್ಟದಲ್ಲಿ ಒಬ್ಬೊಬ್ಬರನ್ನೇ ಹಿಂದೆ ಹಾಕಿದ. ಕೊನೆಯ ತಿರುವು ದಾಟಿದಾಗ ರಸ್ತೆಯಲ್ಲಿ ಅವನೊಬ್ಬನೇ. ಜನ ಗಂಟಲು ಹರಿಯುವ ಹಾಗೆ ಕೂಗುತ್ತಿದ್ದರು. ಗೆರೆಯಾಚೆ ಮಗಳು ಕುಣಿಯುತ್ತಿದ್ದಳು.

ಗೆರೆ ಕಂಡದ್ದೇ ತಡ, ಅವನು ಪಕ್ಕಕ್ಕೆ ಸರಿದ. ತುಳಿಯುವುದನ್ನು ನಿಲ್ಲಿಸಿದ. ಹಿಂದೆ ತಿರುಗಿ, ‘ಹೋಗು’ ಎಂದು ಕೈ ಬೀಸಿದ. ಹಿಂದೆ ಯಾರಿದ್ದರು? ಯಾರೂ ಇಲ್ಲ. ಖಾಲಿ ರಸ್ತೆಗೆ ದಾರಿ ಬಿಟ್ಟುಕೊಟ್ಟಿದ್ದ ಪುಣ್ಯಾತ್ಮ! ಹೇಳುವಾಗ ಈಗಲೂ ನನ್ನ ಮೈ ಜುಮ್ಮೆನ್ನುತ್ತದೆ.

ಅಷ್ಟರಲ್ಲಿ ಬೇರೆ ತಂಡದವನೊಬ್ಬ ತಿರುವಿನಿಂದ ನುಗ್ಗಿ ಬಂದು ಗೆರೆ ದಾಟಿಬಿಟ್ಟ. ಆದರೆ ಗೆದ್ದವನು ಕೈ ಎತ್ತಲಿಲ್ಲ. ಅವನೂ ಅದೇ ಕಸುಬಿನವನಲ್ಲವೇ, ತಾನು ಕಂಡದ್ದೇನೆಂದು ಅವನಿಗೆ ಗೊತ್ತಾಯಿತು. ಸೈಕಲ್ಲಿನಿಂದ ಇಳಿದು, ಟೋಪಿ ತೆಗೆದು, ನಮ್ಮವನ ಕಡೆ ತಿರುಗಿ ತಲೆಬಾಗಿ ನಿಂತ.

ಮಗಳು ಅಳುತ್ತಾ ಓಡಿಬಂದು, “ಅಪ್ಪಾ, ಯಾಕೆ ಪಕ್ಕಕ್ಕೆ ಸರಿದೆ?” ಎಂದಳು.

ಅವನು ಅವಳ ಮುಖವನ್ನೇ ನೋಡಿದ. “ಸರಿದೆನೇ?” ಎಂದ.

ಗುರುಗಳು ಕತೆ ನಿಲ್ಲಿಸಿದರು. ಸಿದ್ಧವೀರನಿಗೆ ತಡೆಯಲಾಗಲಿಲ್ಲ.

“ಅಯ್ಯೋ, ಎಂಥ ಅನ್ಯಾಯ ಗುರುಗಳೇ! ಜೀವಮಾನದಲ್ಲಿ ಸಿಕ್ಕಿದ್ದು ಒಂದೇ ಒಂದು ಅವಕಾಶ. ಆಗಲೇ ತನ್ನನ್ನು ತಾನು ಮರೆತುಬಿಟ್ಟನಲ್ಲ!”

“ಹೂಂ, ಮರೆತುಬಿಟ್ಟ. ನೀನು ದಿನಾ ಕಣ್ಣು ಮುಚ್ಚಿ ಕೂತು ಹೆಣಗುತ್ತಿರುವುದು ಅದಕ್ಕೇ ಅಲ್ಲವೇನೋ?”