ಎಲ್ ಬೋರ್ಡು ಅಂಟಿಸಿಕೊಂಡ ಕೆಂಪಿ

ಸ್ಕೂಟರಿನ ಮೇಲೆ ಹಿಮ್ಮುಖವಾಗಿ ಕೂತು, ಕೈಯಲ್ಲಿದ್ದ ಚಹಾ ಒಂದು ಹನಿಯೂ ಚೆಲ್ಲದಂತೆ ಕರಡಿಗುಡ್ಡದ ಏರು ಹತ್ತಿದ ಗಂಡಸು ಈ ಭೂಮಿಯ ಮೇಲೆ ಒಬ್ಬನೇ. ಅದು ನಾನು.

ಸುಳ್ಳು. ಮನೆಯ ಮಹಡಿ ಮೆಟ್ಟಿಲು ಹತ್ತಿದರೇ ನನಗೆ ಏದುಸಿರು. ಆದರೆ ಈಗ ಹೇಳುವ ಕಥೆ ಮಾತ್ರ ಅಪ್ಪಟ ನಿಜ ಕಣ್ರಪ್ಪಾ. ನಡುವೆ ಎಲ್ಲಾದರೂ ಸುಳ್ಳು ನುಸುಳಿದರೆ ನಾನೇ ಕಿವಿ ಹಿಡಿದು ತೋರಿಸುತ್ತೇನೆ.

ದಾವಣಗೆರೆಯಲ್ಲಿ ಕೊಟ್ರೇಶ ಅಂತ ಒಬ್ಬ ಮೆಕ್ಯಾನಿಕ್ ಇದ್ದ. ಅವನ ಹತ್ತಿರ ಎರಡೇ ಸೀಟಿನ ಒಂದು ಹಳೇ ಕೆಂಪು ಸ್ಪೋರ್ಟ್ಸ್ ಕಾರಿತ್ತು. ಹೆಸರು ಕೆಂಪಿ. ಗುಜರಿಯಲ್ಲಿ ತುಕ್ಕು ತಿನ್ನುತ್ತಿದ್ದವಳನ್ನು ತಂದು, ಒಂದೊಂದೇ ಬೋಲ್ಟು ಬಿಚ್ಚಿ ತೊಳೆದು, ಓಡುವ ಹಾಗೆ ಮಾಡಿದ್ದ. ಬೆಳಗ್ಗೆ ಹೆಂಡತಿ ದಾಕ್ಷಾಯಣಿಯ ಮುಖ ನೋಡುವ ಮೊದಲು ಕೆಂಪಿಯ ಮುಖ ನೋಡುತ್ತಿದ್ದ. ಇದರ ಬಗ್ಗೆ ದಾಕ್ಷಾಯಣಿ ಏನು ಹೇಳುತ್ತಿದ್ದಳು ಎಂಬುದು ಮಕ್ಕಳ ಕಥೆಗೆ ಬೇಡ.

ಪ್ರತಿ ವಿಜಯದಶಮಿಯ ಬೆಳಗ್ಗೆ ಕರಡಿಗುಡ್ಡದ ತಿರುವು ರಸ್ತೆಯಲ್ಲಿ ಕಾರು ಏರಿಸುವ ಪಂದ್ಯ. ಒಬ್ಬೊಬ್ಬರೇ ಹತ್ತಬೇಕು, ಬೇಗ ಮುಟ್ಟಿದವರು ಗೆದ್ದ ಹಾಗೆ. ಕೊಟ್ರೇಶ ಪ್ರತಿ ವರ್ಷ ಎರಡನೆಯವನು. ಎರಡನೇ ಬಹುಮಾನ ಒಂದು ಸ್ಟೀಲ್ ಲೋಟ. ಮೊದಲನೆಯವಳು ಯಾರು ಅಂತೀರಿ? ದಾಕ್ಷಾಯಣಿಯ ತಂಗಿ ಕಲಾವತಿ! ಡ್ರೈವಿಂಗ್ ಸ್ಕೂಲ್ ನಡೆಸುವವಳು. ಹೆಂಗಸರಿಗೆ ಗೇರು ಹಾಕುವುದು ಕಲಿಸುವ ಅದೇ ಬಿಳಿ ಡಬ್ಬಿಯಂಥ ಕಾರನ್ನು, ಅದರ ಎಲ್ ಬೋರ್ಡು ಕೂಡ ಕೀಳದೆ, ಗುಡ್ಡ ಹತ್ತಿಸಿ ಇಳಿದು ಸೆರಗು ಸರಿಮಾಡಿಕೊಳ್ಳುತ್ತಿದ್ದಳು.

ಆ ವರ್ಷ ಗಣೇಶನ ಹಬ್ಬದ ಊಟಕ್ಕೆ ಎಲ್ಲರೂ ಕೂತಾಗ ಕಲಾವತಿ ಮಜ್ಜಿಗೆ ಬಡಿಸುತ್ತ ಕೇಳಿದಳು, "ಭಾವಾ, ಲೋಟ ಸಾಕಷ್ಟು ಆದ್ವಲ್ಲ. ಈ ಸಲ ಎರಡನೇ ಬಹುಮಾನಕ್ಕೆ ತಟ್ಟೆ ಇಡ್ರಿ ಅಂತ ಹೇಳ್ಲಾ?"

ಇಡೀ ಪಂಕ್ತಿ ನಕ್ಕಿತು. ಕೊಟ್ರೇಶನ ಕಿವಿ ಕೆಂಪಿಯ ಬಣ್ಣಕ್ಕೆ ತಿರುಗಿತು.

"ಕೇಳೇ ಕಲಾ! ಈ ಸಲ ನಾನು ಸೋತರೆ ಕೆಂಪಿಯ ಕೀಲಿ ನಿನ್ನ ಕೈಗೆ."

ದಾಕ್ಷಾಯಣಿ ಸೌಟು ಹಿಡಿದು ನಿಂತುಬಿಟ್ಟಳು. "ರೀ, ಬಾಯಿ ತಪ್ಪಿ ಬಂತು ಅನ್ರಿ."

"ತಪ್ಪಿ ಬಂದಿಲ್ಲ. ಸಾಕ್ಷಿಗೆ ಇಷ್ಟು ಜನ ಅದಾರಲ್ಲ."

ಆಡಿದ ಮಾತು ಆಡಿಯಾಗಿತ್ತು, ಇನ್ನು ಕೊಟ್ರೇಶ ಗೆಲ್ಲಲೇಬೇಕು. ಮಾರನೇ ದಿನವೇ ಗುಜರಿಗೆ ಓಡಿದ. ಅಲ್ಲಿ ಹಿಂಭಾಗ ಜಜ್ಜಿಹೋದ ದೊಡ್ಡ ಕಾರೊಂದರಲ್ಲಿ ಟರ್ಬೊ ಎಂಜಿನ್ ಇತ್ತು. ಟರ್ಬೊ ಅಂದರೆ ಏನು? ಕೆಂಪಿಯ ಹಳೇ ಎಂಜಿನ್ ನಮ್ಮ ನಿಮ್ಮ ಹಾಗೆ ತಾನೇ ಉಸಿರೆಳೆದುಕೊಂಡು ಓಡುವಂಥದ್ದು. ಟರ್ಬೊದಲ್ಲಿ ಹೊರಗೆ ಹೋಗುವ ಹೊಗೆಯೇ ಒಂದು ಪುಟ್ಟ ಚಕ್ರವನ್ನು ಗಿರ್ರನೆ ತಿರುಗಿಸುತ್ತದೆ. ಆ ಚಕ್ರ ಎಂಜಿನ್ನಿನ ಬಾಯಿಗೆ ಗಾಳಿ ತುರುಕುತ್ತದೆ. ಗಾಳಿ ಹೆಚ್ಚಾದಷ್ಟೂ ಬಲ ಹೆಚ್ಚು. ಬಿಸಿಯೂ ಹೆಚ್ಚು. ಕೊಟ್ರೇಶ ಮೊದಲನೆಯದನ್ನು ಮಾತ್ರ ಮನಸ್ಸಿಟ್ಟು ಯೋಚಿಸಿದ.

ಹಳೇ ಎಂಜಿನ್ ಇಳಿಸಿ ಮೂಲೆಗಿಟ್ಟು ಗೋಣಿಚೀಲ ಹೊದಿಸಿದ. ಹೊಸದನ್ನು ಹಿಡಿಸಲು ಕೆಂಪಿಯ ಹೊಟ್ಟೆಯೊಳಗೆ ಅಲ್ಲಿ ಇಲ್ಲಿ ಕತ್ತರಿಸಿದ, ಬೆಸೆದ, ಬೈದ, ಕೊನೆಗೆ ಕೂರಿಸಿಯೇಬಿಟ್ಟ. ಆದರೆ ಕೆಂಪಿಯ ಮುಂದಿನ ಬಾಯಿ ತೀರ ಚಿಕ್ಕದು. ಗಾಳಿ ನುಗ್ಗಿ ಎಂಜಿನ್ ತಣಿಯಲು ಅದನ್ನು ಅಗಲ ಮಾಡಬೇಕಿತ್ತು. ಗರಗಸ ಹಿಡಿದು ಮುಂದೆ ನಿಂತ. ಆ ಚೆಂದದ ಮುಖ ನೋಡಿದ. ಗರಗಸ ಕೆಳಗಿಟ್ಟ. ಕೆಂಪಿಯನ್ನು ಹಾಗೇ ಹೆದ್ದಾರಿಗೆ ಒಯ್ದು ಆಕ್ಸಿಲರೇಟರ್ ಒತ್ತಿದ. ನೇರ ರಸ್ತೆಯಲ್ಲಿ ಕೆಂಪಿ ಎಂಥ ಓಟ ಓಡಿದಳೆಂದರೆ, ಅವಳ ನೆರಳು ಮಾರನೇ ದಿನ ಬಂದು ಸೇರಿಕೊಂಡಿತು. ಇದು ಸುಳ್ಳು, ಹೇಳಿಬಿಟ್ಟೆ. ಆದರೆ ಜೋರಾಗಿ ಓಡಿದ್ದಂತೂ ಹೌದು. "ಕೀಲಿ ನನ್ನ ಜೇಬಲ್ಲೇ ಇರುತ್ತೆ" ಅಂದುಕೊಂಡು ಕೊಟ್ರೇಶ ಮನೆಗೆ ಬಂದ.

ಆಯುಧಪೂಜೆಯ ದಿನ ದಾಕ್ಷಾಯಣಿ ಕೆಂಪಿಗೆ ಕುಂಕುಮ ಇಟ್ಟು, ಕುಂಬಳಕಾಯಿ ಒಡೆಸಿ, ತೋಳು ಗಾತ್ರದ ಚೆಂಡುಹೂವಿನ ಹಾರವನ್ನು ಬಾಯಿಗೆ ಅಡ್ಡವಾಗಿ ಬಿಗಿದು ಕಟ್ಟಿದಳು. ಆ ಹಾರ ಒಣಗಿ ತಾನಾಗಿ ಉದುರುವವರೆಗೆ ಬಿಚ್ಚುವ ಪದ್ಧತಿ ಆ ಮನೆಯಲ್ಲಿ ಇರಲಿಲ್ಲ.

ಮರುದಿನ ಗುಡ್ಡದ ಬುಡದಲ್ಲಿ ಜನವೋ ಜನ. ಕಲಾವತಿ ಬಂದು ಕೆಂಪಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಹಾರದ ಮೇಲೆ ಕೈಯಾಡಿಸಿದಳು.

"ಭಾವಾ, ಎಂಜಿನ್ ಬದಲಾಯ್ಸಿದೀರಂತೆ. ಹಂಗಿದ್ರೆ ಈ ಹಾರ ಬಿಚ್ಚಿ ಹಿಂದ್ಗಡೆ ಕಟ್ರಿ. ಇದರ ಬಾಯಿಗೆ ಹೂ ತುರುಕಿದರೆ ಉಸಿರು ಎಲ್ಲಿಂದ ಎಳಕೊಳ್ಳುತ್ತೆ?"

ಕೊಟ್ರೇಶ ನಕ್ಕ. "ಅಪಶಕುನ ಮಾಡಿಸಿ ಗೆಲ್ಲೋಣ ಅಂತೀಯಾ? ಇಷ್ಟು ವರ್ಷ ಹಾರ ಹಾಕ್ಕೊಂಡೇ ಹತ್ತಿಲ್ವೇನು ಕೆಂಪಿ?"

"ಹತ್ತಿದ್ದು ಆ ಎಂಜಿನ್ನು ಭಾವಾ."

"ಸರಿ ಸರಿ, ನೀನು ನಿನ್ನ ಎಲ್ ಬೋರ್ಡು ನೋಡ್ಕೋ ಹೋಗು."

ಬಾವುಟ ಬಿತ್ತು. ಕೆಂಪಿ ಹಾರಿದಳು. ಮೊದಲ ನೇರ ಏರಿನಲ್ಲಿ ಜನ ಶಿಳ್ಳೆ ಹೊಡೆದರು. ಗುಡ್ಡದ ಕರಡಿಗಳೂ ಬಂಡೆ ಮೇಲೆ ಸಾಲಾಗಿ ಕೂತು ನೋಡಿದವು. ಕರಡಿ ಅಲ್ಲ, ನಾಯಿಗಳು.

ಆಮೇಲೆ ಮೊದಲ ತಿರುವು ಬಂತು. ಕೊಟ್ರೇಶನ ಬಲಗಾಲು ಹಳೇ ಅಭ್ಯಾಸದಂತೆ ತಿರುವಿನೊಳಗೆ ಹೊಕ್ಕ ಮೇಲೆ ಆಕ್ಸಿಲರೇಟರ್ ಒತ್ತಿತು. ಹಳೇ ಎಂಜಿನ್ ಕರೆದ ಕೂಡಲೇ ಓ ಅನ್ನುತ್ತಿತ್ತು. ಹೊಸದು ಹಾಗಲ್ಲ. ಕರೆದರೆ ಮೊದಲು ಕೇಳಿಸದ ಹಾಗೆ ಕೂರುತ್ತದೆ, ಆಮೇಲೆ ಇಡೀ ದಿಬ್ಬಣ ಕಟ್ಟಿಕೊಂಡು ಬರುತ್ತದೆ. ಕೊಟ್ರೇಶ ಒತ್ತಿದ, ಏನೂ ಇಲ್ಲ. ಇನ್ನಷ್ಟು ಒತ್ತಿದ. ತಿರುವಿನ ನಟ್ಟನಡುವೆ ದಿಬ್ಬಣ ಒಮ್ಮೆಗೇ ಬಂತು! ಕೆಂಪಿಯ ಹಿಂಭಾಗ ಜಾರಿ ತಡೆಗೋಡೆಯಿಂದ ಕೂದಲೆಳೆ ಅಂತರದಲ್ಲಿ ಪಾರಾಯಿತು. ಮುಂದಿನ ತಿರುವಿನಲ್ಲೂ ಕಾಲು ಅದೇ ತಪ್ಪು ಮಾಡಿತು. ಆದರೂ ನೇರ ಸಿಕ್ಕಲ್ಲೆಲ್ಲ ಕಳೆದುಕೊಂಡ ಹೊತ್ತನ್ನು ಕೆಂಪಿ ಗಳಿಸಿಕೊಡುತ್ತಿದ್ದಳು.

ಕೊನೆಯ ತಿರುವು ದಾಟಿದ. ಮೇಲೆ ಗುರಿಯ ಬಾವುಟ ಕಂಡಿತು. ಆಗಲೇ ಮೂಗಿಗೆ ಚೆಂಡುಹೂ ಬೆಂದ ವಾಸನೆ ಬಡಿಯಿತು. ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆಯನ್ನು ಮುಟ್ಟಿತ್ತು.

ಒತ್ತಿದರೆ ಬಾವುಟ. ಗೆಲುವು. ಕೀಲಿ ತನ್ನದೇ. ಆದರೆ ಅಷ್ಟರಲ್ಲಿ ಎಂಜಿನ್ ಬೆಂದು ಕಚ್ಚಿಕೊಂಡರೆ, ಬೆಂಕಿ ಹತ್ತಿದರೆ? ನಿಲ್ಲಿಸಿದರೆ ಕೆಂಪಿ ಉಳಿಯುತ್ತಾಳೆ, ತನ್ನವಳಾಗಿ ಅಲ್ಲ, ಕಲಾವತಿಯವಳಾಗಿ.

ಕೆಳಗಿಂದ ಜನ "ಒತ್ತೋ ಕೊಟ್ರಾ!" ಅಂತ ಕಿರುಚುತ್ತಿದ್ದರು.

ಕೊಟ್ರೇಶ ಕಾಲು ತೆಗೆದ. ಪಕ್ಕಕ್ಕೆ ಒತ್ತರಿಸಿ ನಿಲ್ಲಿಸಿದ. ಇಳಿದುಹೋಗಿ ಸುಡುಸುಡು ಹಾರವನ್ನು ಬರಿಗೈಯಲ್ಲೇ ಕಿತ್ತೆಸೆದ. ಸ್ವಲ್ಪ ಹೊತ್ತಿಗೆ ಬಿಳಿ ಡಬ್ಬಿ ಎಲ್ ಬೋರ್ಡು ಸಮೇತ ಅವನ ಮುಂದೆಯೇ ಗಂಭೀರವಾಗಿ ಹತ್ತಿಹೋಯಿತು. ಆ ವರ್ಷ ಸ್ಟೀಲ್ ಲೋಟವೂ ಸಿಗಲಿಲ್ಲ.

ಸಂಜೆ ಕಲಾವತಿ ಬನ್ನಿ ಕೊಡಲು ಬಂದಳು. ಕಿರಿಯಳಲ್ಲವೇ, ಭಾವನ ಕೈಗೆ ಬನ್ನಿ ಸೊಪ್ಪು ಕೊಟ್ಟು ಕಾಲಿಗೆರಗಿದಳು. ಕೊಟ್ರೇಶ ತಿರುಗಿ ಬನ್ನಿ ಕೊಟ್ಟ. ಸೊಪ್ಪಿನ ನಡುವೆ ಕೆಂಪಿಯ ಕೀಲಿ ಇತ್ತು. ಅವನ ಬೆರಳು ಬೊಬ್ಬೆ ಎದ್ದಿದ್ದವು.

"ತಗೋಮ್ಮ. ಮಾತು ಕೊಟ್ಟಾಗಿದೆ. ಬೆಳಗ್ಗೆ ಒಂದ್ಸಲ ಅದರ ಮುಖ ಒರೆಸು, ಸಾಕು."

ದಾಕ್ಷಾಯಣಿ ಅಡುಗೆಮನೆ ಬಾಗಿಲಲ್ಲಿ ಅಳುತ್ತ ಮೂಗು ಒರೆಸಿಕೊಳ್ಳುತ್ತಿದ್ದಳು. ಕಲಾವತಿ ಕೀಲಿ ನೋಡಿದಳು, ಬೊಬ್ಬೆ ನೋಡಿದಳು.

"ಭಾವಾ, ಬಾವುಟ ಕಣ್ಣೆದುರಿಗಿತ್ತು. ಯಾಕೆ ನಿಲ್ಸಿದ್ರಿ?"

"ಗೆದ್ದು ಸುಟ್ಟ ಕೆಂಪಿಗಿಂತ ಸೋತು ನಿನ್ನ ಮನೇಲಿ ಇರೋ ಕೆಂಪಿ ಮೇಲು ಅನ್ನಿಸ್ತು."

"ಇಷ್ಟು ಬುದ್ಧಿ ಬೆಳಗ್ಗೆ ಇದ್ದಿದ್ರೆ ಬೊಬ್ಬೆ ತಪ್ತಿತ್ತು" ಅಂದಳು. "ಗೆದ್ದಿದ್ದು ನಾನು, ಗಾಡಿ ನಂದು. ನನ್ನ ಗಾಡಿ ಯಾರು ಹೆಂಗೆ ಓಡಿಸಬೇಕು ಅಂತ ನಾನೇ ಹೇಳ್ತೀನಿ. ಮುಂದಿನ ಹಬ್ಬದವರೆಗೆ ನೀವು ಓಡಿಸ್ರಿ. ಆದರೆ ಇದನ್ನ ಅಂಟಿಸ್ಕೊಂಡು!"

ಚೀಲದಿಂದ ಹೊಸ ಎಲ್ ಬೋರ್ಡು ತೆಗೆದು ಅವನ ಮಡಿಲಿಗೆ ಹಾಕಿದಳು.

ಒಂದು ವರ್ಷ ಇಡೀ ದಾವಣಗೆರೆ ನೋಡಿತು: ಊರಿನ ಹೆಸರಾಂತ ಮೆಕ್ಯಾನಿಕ್ಕು, ಕೆಂಪು ಸ್ಪೋರ್ಟ್ಸ್ ಕಾರು, ಹಿಂದೊಂದು ಎಲ್ ಬೋರ್ಡು. ಮಿರ್ಚಿ ಅಂಗಡಿ ಮುಂದೆ ಜನ "ಸಾರ್, ಕ್ಲಚ್ ಯಾವುದು ಗೊತ್ತಾಯ್ತಾ?" ಅಂತ ಕೂಗುತ್ತಿದ್ದರು. ಕೊಟ್ರೇಶ ಮೊದಮೊದಲು ತಲೆ ತಗ್ಗಿಸಿದ. ಆಮೇಲೆ, "ಇನ್ನೂ ಕಲೀತಿದೀನಿ ಕಣ್ರೋ" ಅನ್ನತೊಡಗಿದ. ಹಾಗೆ ಅಂದ ದಿನವೇ ಗರಗಸ ಎತ್ತಿಕೊಂಡ. ಕೆಂಪಿಯ ಬಾಯಿ ಅಗಲ ಮಾಡಿದ. ದೊಡ್ಡ ರೇಡಿಯೇಟರ್ ಕೂರಿಸಿದ, ಬ್ರೇಕು ಬದಲಾಯಿಸಿದ. ಕೊನೆಗೆ ತನ್ನ ಬಲಗಾಲಿಗೆ ಪಾಠ ಹೇಳಿಕೊಟ್ಟ: ದಿಬ್ಬಣವನ್ನು ತಿರುವಿಗೆ ಮೊದಲೇ ಕರೆಯಬೇಕು.

ಮುಂದಿನ ವಿಜಯದಶಮಿಗೆ ಹಾರ ಹಿಂದೆ ಕಟ್ಟಿತ್ತು. ಕೆಂಪಿ ಮೊದಲನೆಯವಳಾದಳು. ಸ್ಟೀಲ್ ಲೋಟ ಕಲಾವತಿಗೆ ಹೋಯಿತು. ಲೋಟ ಹಿಡಿದುಕೊಂಡೇ ಬಂದು ಕೆಂಪಿಯಲ್ಲಿದ್ದ ಕೀಲಿ ತೆಗೆದು, "ಇನ್ನು ಗಾಡಿ ನಿಮ್ದೇ" ಎಂದು ಭಾವನ ಜೇಬಿಗೆ ಹಾಕಿ, ಎಲ್ ಬೋರ್ಡು ಕೀಳಲು ಬಗ್ಗಿದಳು.

ಕೊಟ್ರೇಶ ಅವಳ ಕೈ ತಡೆದ. "ಇರಲಿ ಬಿಡೇ. ಅದು ಇದ್ದಿದ್ದಕ್ಕೇ ನಾನು ಗೆದ್ದಿದ್ದು."

ನೀತಿ: ಹೊಸ ಬಲವನ್ನು ಎಲ್ಲಿಂದಲಾದರೂ ತಂದು ಕೂರಿಸಬಹುದು. ಆದರೆ ಹಳೇ ಬಲಕ್ಕೆ ಒಗ್ಗಿದ ಅಭ್ಯಾಸ ಹೊಸದಕ್ಕೆ ಒಗ್ಗುವುದಿಲ್ಲ. ಬಲ ಬಂದ ದಿನ ಯಾರು ತಾನಿನ್ನೂ ಕಲಿಯುವವನು ಎಂದು ನಾಚಿಕೆಯಿಲ್ಲದೆ ಒಪ್ಪಿಕೊಳ್ಳುತ್ತಾನೋ, ಆ ಬಲ ಅವನದಾಗುತ್ತದೆ.

ಕಥೆ ಹಿಡಿಸಿತಲ್ಲ? ಹಾಗಾದರೆ ಈ ಚಹಾದ ದುಡ್ಡು ನೀವೇ ಕೊಟ್ಟುಬಿಡಿ. ಚಹಾ ಕುಡಿಯುವುದು ನನಗೆ ಚೆನ್ನಾಗಿ ಬರುತ್ತದೆ. ಜೇಬಿಗೆ ಕೈ ಹಾಕುವುದರಲ್ಲಿ ಮಾತ್ರ ನಂದಿನ್ನೂ ಎಲ್ ಬೋರ್ಡು.