ಬೂದಿ ಬಣ್ಣ

"ಕೈಕೆಳಗಿನವನು ಸುಳ್ಳು ಬರೆದರೆ ಏನು ಮಾಡಬೇಕು, ಮೇಷ್ಟ್ರೇ?"

ಅನಸೂಯಾ ಕುಳಿತುಕೊಳ್ಳುವ ಮೊದಲೇ ಕೇಳಿದಳು. ಉಪಗ್ರಹದಿಂದ ಬಂದ ಚಿತ್ರಗಳನ್ನು ಓದಿ ನಕ್ಷೆ ಮಾಡುವ ಒಂದು ತಂಡಕ್ಕೆ ಅವಳು ಮುಖ್ಯಸ್ಥೆ. ಆ ಓದನ್ನು ಅವಳಿಗೆ ಕಲಿಸಿದವರು ಅರಸು ಮೇಷ್ಟ್ರು. ಅವರು ಪಡಸಾಲೆಯಲ್ಲಿ ಕುಳಿತು ನೆನೆಸಿದ ಅವರೆಕಾಳು ಹಿದುಕುತ್ತಿದ್ದರು. ತಲೆ ಎತ್ತಲಿಲ್ಲ.

"ಯಾರು ಬರೆದದ್ದು?"

"ಗವಿಸಿದ್ಧ. ಬೆಳೆ ನಕ್ಷೆ ಅವನ ಕೈಯಲ್ಲಿತ್ತು. ಯಾವ ಬೆಳೆ ಅಂತ ಗೊತ್ತಾಗದ ಹೊಲಕ್ಕೆಲ್ಲ ತೊಗರಿ ಅಂತ ಬರೆದು ಕಳಿಸಿದ್ದಾನೆ. ಹೋಗಿ ನೋಡಿದರೆ ಅರ್ಧಕ್ಕರ್ಧ ಬೀಳು ನೆಲ. ಸಭೆಯಲ್ಲಿ ಎಲ್ಲರ ಮುಂದೆ ನನ್ನ ಮಾನ ಹೋಯಿತು. ಇಷ್ಟು ವರ್ಷ ಜೊತೆಗಿದ್ದವನು! ನಾಳೆ ಅವನನ್ನು ಕೆಲಸದಿಂದ ತೆಗೆಯಲು ಬರೆದುಕೊಡುತ್ತೇನೆ. ಬೇಡ ಅನ್ನಬೇಡಿ."

"ನಾನೆಲ್ಲಿ ಅಂದೆ? ಕೂತ್ಕೊ. ಒಂದು ಕತೆ ಕೇಳು."

"ಮೈಯೆಲ್ಲ ಉರೀತಿದೆ ಮೇಷ್ಟ್ರೇ, ಈಗ ಕತೆಯಾ?"

"ತಣ್ಣಗಾದ ಮೇಲೆ ಕೇಳಿ ಏನು ಮಾಡ್ತೀಯ?"

ಅವಳು ಕುಳಿತಳು. ಮೇಷ್ಟ್ರು ಹೇಳತೊಡಗಿದರು.

ಒಬ್ಬ ಮುಖ್ಯಸ್ಥನಿದ್ದ. ಅವನ ತಂಡವೂ ಆಕಾಶದಿಂದ ತೆಗೆದ ಚಿತ್ರಗಳನ್ನು ಓದುತ್ತಿತ್ತು. ಒಂದು ಮಳೆಗಾಲದಲ್ಲಿ ಹೊಳೆ ದಡ ಮೀರಿತು. ನೀರು ಎಲ್ಲೆಲ್ಲಿ ನುಗ್ಗಿದೆ ಎಂದು ತಂಡ ದಿನವೂ ನಕ್ಷೆ ಮಾಡಿ ಕೊಡಬೇಕಾಗಿತ್ತು. ನೀರಿದ್ದಲ್ಲಿ ನೀಲಿ. ನೀರಿಲ್ಲದಲ್ಲಿ ಹಸಿರು. ಮೋಡ ಅಡ್ಡ ಬಂದು ನೆಲ ಕಾಣದಿದ್ದರೆ ಬೂದಿ. ಮೋಡದಾಚೆ ನೋಡಬಲ್ಲ ಉಪಗ್ರಹವೂ ಇತ್ತು, ಆದರೆ ಅದು ಆ ದಿನಗಳಲ್ಲಿ ಆ ಕಡೆ ಹಾಯಲಿಲ್ಲ. ನೀಲಿಗೆ ದೋಣಿ ಹೋಗುತ್ತಿತ್ತು. ಬೂದಿ ಕಂಡರೆ ಯಾರನ್ನಾದರೂ ಅಟ್ಟಿ ವಿಚಾರಿಸುತ್ತಿದ್ದರು. ಹಸಿರಿನ ಕಡೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ನೋಡುವ ಅಗತ್ಯವೂ ಇರಲಿಲ್ಲ.

ಮಳೆ ಹೆಚ್ಚಿತು. ನಕ್ಷೆಯಲ್ಲಿ ಬೂದಿಯೂ ಹೆಚ್ಚಿತು. ಒಂದು ದಿನ ದೊಡ್ಡ ಅಧಿಕಾರಿ ತುಂಬಿದ ಸಭೆಯಲ್ಲಿ ನಕ್ಷೆಯನ್ನು ಎತ್ತಿ ಹಿಡಿದ.

"ಏನ್ರೀ ಇದು? ನಕ್ಷೆ ತನ್ನಿ ಅಂದರೆ ಒಲೆ ಬಾಚಿಕೊಂಡು ಬಂದಿದ್ದೀರಿ!"

ಸಭೆ ಗೊಳ್ಳೆಂದು ನಕ್ಕಿತು. ಮುಖ್ಯಸ್ಥ ಅಲ್ಲಿ ನುಂಗಿದ್ದನ್ನೆಲ್ಲ ತನ್ನ ಕೋಣೆಗೆ ಬಂದು ತಂಡದ ಮೇಲೆ ಕಾರಿದ.

"ನಾಳೆಯಿಂದ ನನ್ನ ಕಣ್ಣಿಗೆ ಬೂದಿ ಬೀಳಕೂಡದು."

ಹೊಳೆಯ ಕೆಳದಂಡೆಯ ಚಿತ್ರಗಳನ್ನು ಓದುವವನೊಬ್ಬನಿದ್ದ. ನಡುವಯಸ್ಸಿನವನು. ಅವನು ಎದ್ದು ಕೇಳಿದ.

"ಕಾಣದೇ ಇದ್ದದ್ದನ್ನು ಏನಂತ ಬರೀಲಿ ಸಾರ್?"

"ಅದನ್ನೂ ನಾನೇ ಹೇಳಿಕೊಡಬೇಕಾ? ತಜ್ಞರು ಅಂತ ಬೋರ್ಡು ತಗುಲಿಸಿಕೊಂಡು ಕೂತಿದ್ದೀರಲ್ಲ! ಗೊತ್ತಿಲ್ಲ ಅನ್ನೋದಕ್ಕೆ ತಜ್ಞರು ಯಾಕ್ರೀ ಬೇಕು? ಅದನ್ನು ಬಾಗಿಲು ಕಾಯೋನೂ ಹೇಳ್ತಾನೆ."

ತಂಡ ನಕ್ಕಿತು. ಕೇಳಿದವನೂ ನಕ್ಕ, ನಗದೆ ವಿಧಿಯಿರಲಿಲ್ಲ. ನಕ್ಕು ಕುಳಿತ.

ಇಲ್ಲಿ ಮೇಷ್ಟ್ರು ನೀರಿನ ಪಾತ್ರೆಯನ್ನು ಆಚೆ ಸರಿಸಿದರು. ಅನಸೂಯಾ ನೆಲ ನೋಡಿದಳು. ಬೆಳೆ ನಕ್ಷೆ ಶುರುವಾದ ದಿನ ಗವಿಸಿದ್ಧ ಕೆಲವು ಹೊಲಗಳನ್ನು ಹೆಸರಿಲ್ಲದೆ ಖಾಲಿ ಬಿಟ್ಟುಕೊಂಡು ಬಂದಿದ್ದ. ಸಂಬಳ ತಗೊಳ್ಳುವಾಗ ಹೀಗೆ ಖಾಲಿ ಬಿಡ್ತೀಯಾ ಎಂದು ಅವಳು ಕೇಳಿದ್ದಳು. ಆಗಲೂ ಸುತ್ತ ಇದ್ದವರು ನಕ್ಕಿದ್ದರು. ಆದರೆ ಅದೇ ಬೇರೆ, ಇದೇ ಬೇರೆ ಎಂದು ಮನಸ್ಸಿನಲ್ಲೇ ವಾದ ಹೂಡಿದಳು. ಅವಳ ಸಿಟ್ಟು ಇಳಿಯಲಿಲ್ಲ.

"ಆಮೇಲೆ?" ಎಂದಳು, ಬಿರುಸಾಗಿ.

ಆಮೇಲೇನು, ಮರುದಿನ ನಕ್ಷೆಯಲ್ಲಿ ಬೂದಿ ಇರಲಿಲ್ಲ. ಒಬ್ಬ ಮೋಡವಿದ್ದ ಜಾಗಕ್ಕೆ ಹಿಂದಿನ ತಿಂಗಳ ಚಿತ್ರದ ತುಂಡನ್ನು ತಂದು ತೇಪೆ ಹಾಕಿದ. ಇನ್ನೊಬ್ಬ ಅಕ್ಕಪಕ್ಕದ ಹಸಿರನ್ನೇ ಎಳೆದು ಬಳಿದ. ಹಿಂದಿನ ತಿಂಗಳು ನೆರೆ ಇರಲಿಲ್ಲ. ಹಾಗಾಗಿ ಬೂದಿ ಇದ್ದಲ್ಲೆಲ್ಲ ಹಸಿರು ಬಂತು. ನಕ್ಷೆ ನೋಡಲು ಚೆಂದವಾಗಿತ್ತು. ಕೆಲಸವೆಂದರೆ ಇದು ಎಂದು ದೊಡ್ಡ ಅಧಿಕಾರಿ ಬೆನ್ನು ತಟ್ಟಿದ. ಮುಖ್ಯಸ್ಥ ತಂಡಕ್ಕೆ ಜಿಲೇಬಿ ತರಿಸಿದ. ಎಲ್ಲರೂ ತಿಂದರು. ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಹೊಳೆಯ ಕೆಳದಂಡೆಯ ತಿರುವಿನಲ್ಲಿ ಕುಂಬಾರರ ಕೇರಿಯೊಂದಿತ್ತು. ನಕ್ಷೆಯಲ್ಲಿ ಅದು ಹಸಿರು. ಅಲ್ಲಿಗೆ ದೋಣಿ ಹೋಗಲಿಲ್ಲ. ವಿಚಾರಿಸಲು ಆಳೂ ಹೋಗಲಿಲ್ಲ. ಮೋಡ ಹರಿದ ದಿನ ಹೊಸ ಚಿತ್ರ ಬಂತು. ಕೇರಿ ಇದ್ದಲ್ಲಿ ಬರೀ ನೀರು. ನೀರಿನ ನಡುವೆ ಶಾಲೆಯ ತಾರಸಿ ಒಂದು ಬಿಳಿ ಚುಕ್ಕೆ. ದೋಣಿ ಓಡಿತು. ತಾರಸಿ ಹತ್ತಿದವರಲ್ಲಿ ಕೆಲವರು ಇನ್ನೂ ಕೈ ಬೀಸುತ್ತಿದ್ದರು. ಉಳಿದವರನ್ನು ಹೊಳೆ ಒಯ್ದಿತ್ತು.

ಮುಖ್ಯಸ್ಥ ಮೇಜು ಗುದ್ದಿದ.

"ಈ ಹಸಿರು ಯಾರದು?"

ಅಂದು ಪ್ರಶ್ನೆ ಕೇಳಿದವನೇ ಎದ್ದು ನಿಂತ. "ನಂದು ಸಾರ್."

"ನೆಲ ಕಂಡಿತ್ತಾ ನಿನಗೆ?"

"ಇಲ್ಲ. ಮೋಡ ಇತ್ತು."

"ಮತ್ತೆ ಬಾಯಿ ಬಿದ್ದು ಹೋಗಿತ್ತಾ? ಕಾಣ್ತಿಲ್ಲ ಅಂತ ನನಗೆ ಹೇಳೋಕೆ ಏನಾಗಿತ್ತು ರೋಗ?"

"ಹೇಳಿದ್ದೆ ಸಾರ್. ನೀವೆಲ್ಲ ನಕ್ಕಿರಿ."

ಮುಖ್ಯಸ್ಥನಿಗೆ ಇನ್ನಷ್ಟು ಸಿಟ್ಟು ಬಂತು. ಅದೇ ದಿನ ಅವನನ್ನು ಕೆಲಸದಿಂದ ತೆಗೆದ. ಸುಳ್ಳು ಬರೆದದ್ದು ನಿಜವೇ ಆಗಿತ್ತು. ಯಾರೂ ಎದುರಾಡಲಿಲ್ಲ. ಮೇಲಿನವರಿಗೂ ಸಮಾಧಾನವಾಯಿತು.

ಮುಂದಿನ ಮಳೆಗಾಲ ಬಂತು. ಹೊಳೆ ಮತ್ತೆ ಏರಿತು. ಈ ಸಲ ಮುಖ್ಯಸ್ಥನಿಗೆ ಬುದ್ಧಿ ಬಂದಿತ್ತು. ತಂಡವನ್ನು ಕರೆದು, "ಕಾಣದಿದ್ದರೆ ಬೂದಿ ಹಾಕಿ. ನಾನು ಏನೂ ಅನ್ನುವುದಿಲ್ಲ" ಎಂದ. ಎಲ್ಲರೂ "ಆಗಲಿ ಸಾರ್" ಎಂದರು.

ನಕ್ಷೆ ಬಂತು. ನೀಲಿ, ಹಸಿರು. ಬೂದಿ ಒಂದು ಚಿಟಿಕೆಯೂ ಇಲ್ಲ.

ಮುಖ್ಯಸ್ಥ ಕಿಟಕಿಯಾಚೆ ನೋಡಿದ. ಹಗಲಲ್ಲೇ ಕತ್ತಲು ಕವಿದಿತ್ತು. ಎದುರಿನ ಕಟ್ಟಡ ಕಾಣದ ಹಾಗೆ ಮಳೆ ಸುರಿಯುತ್ತಿತ್ತು.

"ಎಲ್ಲೂ ಮೋಡ ಅಡ್ಡ ಬರಲಿಲ್ಲವೇ?" ಎಂದು ಕೇಳಿದ.

"ಇಲ್ಲ ಸಾರ್. ಎಲ್ಲಾ ಕ್ಲಿಯರ್."

ಒಬ್ಬೊಬ್ಬರನ್ನೇ ಕರೆದು ಕೇಳಿದ. ಗದರಿಸಿದ. ಕೊನೆಗೆ ಕೈಮುಗಿದ. ಎಲ್ಲರದೂ ಅದೇ ಮಾತು. ಹೊರಗೆ ದೋಣಿಯವರು ಹುಟ್ಟು ಹಿಡಿದು ಕಾಯುತ್ತಿದ್ದರು. ಅವನು ನಕ್ಷೆ ಹಿಡಿದು ನಿಂತೇ ಇದ್ದ. ದೋಣಿಯನ್ನು ಎತ್ತ ಕಳಿಸಬೇಕೆಂದು ಅವನಿಗೆ ತಿಳಿಯಲಿಲ್ಲ.

ಮೇಷ್ಟ್ರು ಕತೆ ನಿಲ್ಲಿಸಿದರು.

ಅನಸೂಯಾ ಕಾದಳು. ಅವರು ಮತ್ತೆ ಅವರೆಕಾಳು ಹಿದುಕತೊಡಗಿದರು. ಅವಳಿಗೆ ರೇಗಿತು.

"ಆ ಮುಖ್ಯಸ್ಥ ಮೂರ್ಖ, ಒಪ್ಪಿದೆ. ಆದರೆ ಗವಿಸಿದ್ಧ ಬರೆದದ್ದು ಸುಳ್ಳಲ್ಲವೇ? ಅದಕ್ಕೆ ಶಿಕ್ಷೆ ಬೇಡವೇ? ನೇರವಾಗಿ ಹೇಳಿ ಮೇಷ್ಟ್ರೇ, ಅವನನ್ನು ತೆಗೆಯಲೋ ಬೇಡವೋ?"

ಮೇಷ್ಟ್ರು ಮೊದಲ ಸಲ ಅವಳನ್ನು ನೆಟ್ಟಗೆ ನೋಡಿದರು. ಅವರ ಕಣ್ಣಲ್ಲೂ ಸಿಟ್ಟಿತ್ತು.

"ತೆಗೆ, ಉಳಿದವರು ಸಿಕ್ಕಿಬೀಳದ ಹಾಗೆ ಸುಳ್ಳು ಬರೆಯುವುದನ್ನು ಕಲಿತುಕೊಳ್ಳಲಿ."