ಕೆಂಪಾಗದ ಬಾಯಿ

ಹೊಳೆದಂಡೆಯ ಮಠಕ್ಕೆ ನಿರಂಜನ ಸಂಜೆ ಹೊತ್ತಿಗೆ ಮರಳಿದ. ಮುಖದಲ್ಲಿ ಗೆದ್ದು ಬಂದವನ ಕಳೆ ಇತ್ತು.

ರಾಜಿ ಮಾಡಿಸಿ ಬಂದವರ ಮುಖದ ಈ ಕಳೆ ಕಂಡರೆ ನನಗೆ ಮೈ ಉರಿಯುತ್ತದೆ. ಯಾಕೆಂದು ಕಥೆಯೇ ಹೇಳುತ್ತದೆ.

ಆ ಮಠದ ಗುರುಗಳನ್ನು ಸುತ್ತಲಿನವರೆಲ್ಲ ಅಜ್ಜಾರು ಎನ್ನುತ್ತಿದ್ದರು. ಎಲ್ಲಿಯೂ ಬಗೆಹರಿಯದ ಜಗಳ ಕೊನೆಗೆ ಅವರ ಮುಂದೆ ಬರುತ್ತಿತ್ತು.

ಕಾಗದ ಇಲ್ಲ, ರುಜು ಇಲ್ಲ. ಒಂದು ಚಾಪೆ, ಒಂದು ತಟ್ಟೆ, ತಟ್ಟೆಯಲ್ಲಿ ಎಲೆ ಅಡಿಕೆ ಸುಣ್ಣ. ಮಾತು ಮುಗಿದ ಮೇಲೆ ಎರಡೂ ಕಡೆಯವರು ಆ ಒಂದೇ ತಟ್ಟೆಯಿಂದ ಎಲೆ ಹಾಕಿಕೊಳ್ಳಬೇಕು. ಎಲ್ಲರ ಬಾಯಿ ಕೆಂಪಾಗುವ ತನಕ ಯಾರೂ ಚಾಪೆ ಬಿಟ್ಟು ಏಳುವಂತಿಲ್ಲ. ಅದು ಅಲ್ಲಿನ ಪದ್ಧತಿ.

ಈ ಸಲ ಅಜ್ಜಾರ ಕಾಲಿಗೆ ಗಾಯವಾಗಿತ್ತು. ಚಾಪೆ ಮತ್ತು ತಟ್ಟೆಯನ್ನು ನಿರಂಜನನ ಕೈಗೆ ಕೊಟ್ಟು ಕಳಿಸಿದ್ದರು. ಹನ್ನೊಂದು ವರ್ಷದಿಂದ ಮಠದಲ್ಲಿದ್ದ ಶಿಷ್ಯ. ಪದ್ಧತಿ ಗೊತ್ತಿದ್ದವನು.

ಜಗಳ ನಡೆದದ್ದು ಹೊಳೆಯಾಚೆ, ರಾಚಪ್ಪನ ಕಲ್ಲುಗಣಿಯಲ್ಲಿ. ಗಂಡಸರು ಕಲ್ಲು ಒಡೆಯುತ್ತಾರೆ. ಹೆಂಗಸರು ಬುಟ್ಟಿ ಹೊತ್ತು ಗುಡ್ಡದ ಮೇಲಿನ ಬಂಡಿದಾರಿಗೆ ಸಾಗಿಸುತ್ತಾರೆ. ಅವರ ಹಸುಗೂಸುಗಳು ಗುಡ್ಡದ ಬುಡದಲ್ಲಿ, ಬೇವಿನ ಮರಕ್ಕೆ ಕಟ್ಟಿದ ಜೋಲಿಗಳಲ್ಲಿ ಇರುತ್ತವೆ. ಬೆಳಗ್ಗೆ ಏರಿದ ತಾಯಂದಿರನ್ನು ಸಂಜೆಯ ತನಕ ಕೆಳಗೆ ಬಿಡುತ್ತಿರಲಿಲ್ಲ.

ಏಳು ದಿನದ ಹಿಂದೆ ಒಂದು ಕೂಸು ಅತ್ತು ಅತ್ತು ಜೋಲಿಯಲ್ಲೇ ಸುಮ್ಮನಾಯಿತು. ಸಂಜೆ ತಾಯಿ ಬಂದು ಮುಟ್ಟಿದರೆ ಮೈ ತಣ್ಣಗಿತ್ತು.

ಮರುದಿನದಿಂದ ಯಾವ ಹೆಂಗಸೂ ಬುಟ್ಟಿ ಎತ್ತಲಿಲ್ಲ. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಕೆಳಗಿಳಿದು ಕೂಸಿಗೆ ಹಾಲು ಕುಡಿಸಿ ಬರುತ್ತೇವೆ ಎಂದರು. ಕೇಳಿದ್ದು ಇಷ್ಟೇ. ರಾಚಪ್ಪ ಒಂದು ಸಲವೂ ಆಗದು ಎಂದ. ಆರು ದಿನ ಹೀಗೇ ನಡೆಯಿತು.

"ಮುಗೀತ್ರಿ ಅಜ್ಜಾರ," ಎಂದ ನಿರಂಜನ, ಚಾಪೆ ಇಳಿಸುತ್ತ.

"ಹೆಂಗ ಮುಗೀತು?"

"ಇವರು ಎರಡು ಸಲ ಅಂದ್ರು. ಅವರು ಒಂದೂ ಇಲ್ಲ ಅಂದ್ರು. ಮಧ್ಯಾಹ್ನ ಒಂದು ಸಲ ಅಂತ ಒಪ್ಪಿಸಿದೆ. ಇಬ್ಬರೂ ಅರ್ಧ ಅರ್ಧ ಬಿಟ್ಟುಕೊಟ್ರು."

ಅಜ್ಜಾರು ಕಾಲಿಗೆ ಅರಿಶಿನ ಹಚ್ಚಿಕೊಳ್ಳುತ್ತಿದ್ದರು. ಕೈ ನಿಂತಿತು.

"ಎಲಿ?"

"ಎಲ್ಲಾರೂ ತಗೊಂಡ್ರು."

"ಬಾಯಿ ಕೆಂಪಾಗಿತ್ತೇನು?"

"ರಾಚಪ್ಪನವರದು ಆಗಿತ್ತು. ಹೆಣ್ಣುಮಕ್ಕಳು ಎಲಿ ಸೆರಗಿಗೆ ಕಟ್ಟಿಕೊಂಡ್ರು. ನಮ್ಮ ಮುಂದ ಮೆಲ್ಲಾಕ ನಾಚಿಕಿ ಇರಬೇಕು ಅಂತ ತಿಳಕೊಂಡೆ."

"ತಿಳಕೊಂಡಿ," ಎಂದರು ಅಜ್ಜಾರು. "ಉಂಡದ್ದೆಲ್ಲಿ?"

"ರಾಚಪ್ಪನವರ ಮನ್ಯಾಗ್ರಿ. ಭಾಳ ಒತ್ತಾಯ ಮಾಡಿದ್ರು."

"ಆ ಹೆಣ್ಣುಮಕ್ಕಳು ಎಲ್ಲಿ ಉಂಡ್ರು?"

ನಿರಂಜನನಿಗೆ ಗೊತ್ತಿರಲಿಲ್ಲ. ಅವನು ಕೇಳಿರಲೂ ಇಲ್ಲ. ಆರು ದಿನ ಕೆಲಸ ಬಿಟ್ಟವರ ಮನೆಯಲ್ಲಿ ಒಲೆ ಉರಿದಿದೆಯೇ ಎಂದು ಯೋಚಿಸುವಷ್ಟು ಅವನ ಹೊಟ್ಟೆ ಖಾಲಿ ಇರಲಿಲ್ಲ.

"ಅರ್ಧ ಅರ್ಧ ಅಂದಿ. ರಾಚಪ್ಪ ಬಿಟ್ಟದ್ದೇನು?"

"ಒಂದೊಂದು ಹೆಣ್ಣಾಳಿಗೆ ದಿನಕ್ಕ ಎರಡು ಬುಟ್ಟಿ ಕಲ್ಲು."

"ಅವರು ಬಿಟ್ಟದ್ದೇನು?"

"ಒಂದು ಸಲದ ಹಾಲು."

"ಯಾರ ಹಾಲು?"

"ಕೂಸಿನದು," ಎಂದ, ತಗ್ಗಿದ ದನಿಯಲ್ಲಿ.

"ಆ ಕೂಸು ಎಲಿ ಮೆದ್ದಿತ್ತೇನು?"

ಅರಿಶಿನದ ಬಟ್ಟಲು ಗೋಡೆಗೆ ಬಡಿದು ಅಂಗಳಕ್ಕೆ ಉರುಳಿತು. ಅಜ್ಜಾರೇ ಎಸೆದಿದ್ದರು.

ಅಜ್ಜಾರಿಗೆ ಸಿಟ್ಟೇ ಬರುವುದಿಲ್ಲ ಎಂದು ಜನ ಹೊಗಳುತ್ತಿದ್ದರು. ಗುರುಗಳಿಗೆ ಸಿಟ್ಟು ಬರಬಾರದಂತೆ. ಹಾಗೆಂದು ಮೊದಲು ಹೇಳಿದವನು ಹೊಟ್ಟೆ ತುಂಬಿದವನೇ ಇರಬೇಕು.

"ಸಿಟ್ಟಾಗಬ್ಯಾಡ್ರಿ," ಎಂದ ನಿರಂಜನ. "ಏನ ಆಗಲಿ, ಜಗಳ ನಿಂತಿತಲ್ಲ."

"ಜೋಲಿಯಾಗಿನ ಕೂಸಿನ ಅಳು ಸೈತ ನಿಂತಿತ್ತು. ಅದೂ ರಾಜಿ ಏನು?"

ನಿರಂಜನ ಅಂಗಳಕ್ಕಿಳಿದು ಬಟ್ಟಲು ಹೆಕ್ಕಿದ.

ಬೆಳಗಾಗುತ್ತಲೇ ಅಜ್ಜಾರು ಕೋಲು ಹಿಡಿದು ಹೊರಟರು. ಗಾಡಿ ಹೂಡಿಸಲೇ ಎಂದು ನಿರಂಜನ ಕೇಳಿದ. ಅವರು ತಿರುಗಿಯೂ ನೋಡಲಿಲ್ಲ. ಹೊಳೆ ದಾಟುವಾಗ ಕಾಲಿಗೆ ಸುತ್ತಿದ ಬಟ್ಟೆ ನೆನೆದು ಬಿಚ್ಚಿತು. ಹಾಗೇ ನಡೆದರು. ನಿರಂಜನ ಹಿಂಬಾಲಿಸಿದ.

ಗಣಿಯಲ್ಲಿ ಕೆಲಸ ಶುರುವಾಗಿತ್ತು. ಬೇವಿನ ಮರದಡಿ ಐದು ಜೋಲಿ ತೂಗುತ್ತಿದ್ದವು. ಆರನೆಯದು ಖಾಲಿ. ಅದನ್ನು ಯಾರೂ ಬಿಚ್ಚಿರಲಿಲ್ಲ.

ಒಂದು ಜೋಲಿಯಲ್ಲಿ ಕೂಸು ಕಿರುಚುತ್ತಿತ್ತು. ಹುಲಿಗೆವ್ವ ಎಂಬುವಳ ಮಗು, ಮೂರು ತಿಂಗಳಿನದು. ಅಜ್ಜಾರು ಅದನ್ನು ಎತ್ತಿ ನಿರಂಜನನ ಕೈಯಲ್ಲಿ ಇಟ್ಟರು.

"ಒಪ್ಪಿಸು."

"ಏನಂತ್ರಿ?"

"ಮಧ್ಯಾಹ್ನದ ತನಕ ತಡಿ ಅಂತ. ನಿನ್ನಿ ಅಷ್ಟು ಮಂದಿನ್ನ ಒಪ್ಪಿಸಿ ಬಂದಾವ ನೀ. ಇದು ಒಂದ ಐತಿ. ಇಷ್ಟ ಐತಿ ನೋಡು."

ನಿರಂಜನ ತೂಗಿದ. ನಾಲಿಗೆಯಿಂದ ಸದ್ದು ಮಾಡಿದ. ಬರದ ಜೋಗುಳವನ್ನೂ ಹಾಡಿದ. ಕೂಸು ಮುಖ ಹೊರಳಿಸಿ ಅವನ ಎದೆಯ ಮೇಲೆ ಬಾಯಿ ಆಡಿಸಿತು. ಕಾವಿ ಬಟ್ಟೆ ಸಿಕ್ಕಿತು. ಅದನ್ನೇ ಎರಡು ಸಲ ಚೀಪಿ, ಏನೂ ಬರದೆ, ಮೈಯೆಲ್ಲ ಸೆಟೆದುಕೊಂಡು ಕಿರುಚಿತು.

ಅವನು ಅಜ್ಜಾರ ಮುಖ ನೋಡಿದ.

"ಯಾಕ ನಿಂದ್ರಿಸಿದಿ? ಅರ್ಧ ಅಂತ ಹೇಳು ಅದಕ್ಕ. ಬುದ್ಧಿ ಹೇಳು."

ಗುಡ್ಡದ ನಡುವೆ ಒಬ್ಬ ಹೆಂಗಸು ಬುಟ್ಟಿ ಹೊತ್ತು ನಿಂತುಬಿಟ್ಟಿದ್ದಳು. ಅವಳ ಕುಪ್ಪಸದ ಮುಂಭಾಗ ತೊಯ್ದಿತ್ತು. ಕೂಸಿನ ದನಿ ಕೇಳಿ ಹಾಲು ತಾನಾಗಿ ಇಳಿದಿತ್ತು. ಅವಳೇ ಹುಲಿಗೆವ್ವ.

"ಬಾರವ್ವಾ, ಇಳಿದು ಬಾ!" ಎಂದು ಕೂಗಿದ ನಿರಂಜನ.

ಕೊಡೆಯ ನೆರಳಲ್ಲಿ ಕೂತಿದ್ದ ರಾಚಪ್ಪ ಎದ್ದು ಬಂದ. ಅಜ್ಜಾರಿಗೆ ಕೈ ಮುಗಿದ. ಆಮೇಲೆ ನಿರಂಜನನ ಕಡೆ ತಿರುಗಿದ.

"ಇನ್ನೂ ಹೊತ್ತಾಗಿಲ್ರಿ ಸ್ವಾಮಿ. ಮಧ್ಯಾಹ್ನ ಅಂತ ನೀವ ಹೇಳೀರಿ. ನಿನ್ನಿ ಎಲಿ ಹಾಕಿಸಿ ಇವತ್ತ ನೀವ ಮಾತು ಮುರಿದ್ರ ಹೆಂಗ?"

ಎಷ್ಟು ಮರ್ಯಾದೆಯ ಮಾತು! ತಾನು ನಿನ್ನೆ ಹೆಣೆದುಕೊಟ್ಟ ಹಗ್ಗದಿಂದಲೇ ರಾಚಪ್ಪ ಆ ತಾಯಿಯನ್ನು ಗುಡ್ಡದ ಮೇಲೆ ಕಟ್ಟಿ ಹಾಕಿದ್ದಾನೆ ಎಂಬುದು ನಿರಂಜನನಿಗೆ ಆಗ ಕಂಡಿತು.

ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವನಿಗೆ ಸಿಟ್ಟು ಬಂತು. ಮೊದಲು ರಾಚಪ್ಪನ ಮೇಲೆ. ಆಮೇಲೆ ತನ್ನ ಮೇಲೆ. ಎರಡನೆಯದು ಇಳಿಯಲಿಲ್ಲ.

ಅವನು ಕೂಸನ್ನು ಎದೆಗೆ ಅವಚಿಕೊಂಡು ಗುಡ್ಡ ಏರಿದ. ಹುಲಿಗೆವ್ವನ ಮುಂದೆ ನಿಂತು, ಒಂದು ಕೈಯಿಂದ ಅವಳ ತಲೆಯ ಬುಟ್ಟಿಯನ್ನು ಎಳೆದ. ಕಲ್ಲುಗಳು ಉರುಳಿ ಹೋದವು. ಬುಟ್ಟಿಯಡಿಯ ಬಟ್ಟೆಯ ಸಿಂಬಿ ತಲೆಯ ಮೇಲೇ ಉಳಿಯಿತು.

"ತಪ್ಪಾತವ್ವ," ಎಂದ.

"ತಪ್ಪಿನ ಮಾತು ಆಮ್ಯಾಲೆ ಆಡೋಣ್ರಿ," ಎಂದಳು ಹುಲಿಗೆವ್ವ. "ಮೊದಲ ನನ್ನ ಕೂಸು ಕೊಡ್ರಿ."

ಅವಳು ಬಂಡೆಯ ಮೇಲೆ ಕೂತು ಸೆರಗು ಮರೆ ಮಾಡಿದಳು. ಕಿರುಚಾಟ ತಟ್ಟನೆ ನಿಂತಿತು. ಗುಟುಕರಿಸುವ ಸದ್ದು ಕೇಳತೊಡಗಿತು.

ಇನ್ನೊಂದು ಕೈಯಿಂದ ಸೆರಗಿನ ತುದಿಯ ಗಂಟು ಬಿಚ್ಚಿದಳು. ಬಾಡಿದ ಎಲೆ, ಒಂದು ತುಂಡು ಅಡಿಕೆ. ಅವನ ಕಾಲ ಬಳಿ ಎಸೆದಳು.

"ಆರು ದಿನ ಉಪಾಸ ಇದ್ವಿ. ಹಾಲು ಬತ್ತಿ ಹೊಂಟಿತ್ತು. ಹಿಂಗ ಬಿಟ್ರ ಕೂಸು ಹೋಗತಾವಂತ ಹ್ಞೂಂ ಅಂದ್ವಿ. ಮೆಲ್ಲಾಕ ಮನಸ್ಸು ಬರಲಿಲ್ಲ. ನಮ್ಮ ಮಾರಿ ನೋಡದ ಎದ್ದು ಹೋದ್ರಿ ನೀವು. ಕಣ್ಣು ಎಲ್ಲಿದ್ವು ನಿಮ್ಮವು?"



ಉಳಿದ ಹೆಂಗಸರೂ ಬುಟ್ಟಿ ಇಳಿಸಿ ಬಂದರು. ಒಬ್ಬೊಬ್ಬಳೂ ಸೆರಗಿನ ಗಂಟು ಬಿಚ್ಚಿ ಎಲೆಯನ್ನು ಅದೇ ಜಾಗದಲ್ಲಿ ಹಾಕಿದಳು. ಖಾಲಿ ಜೋಲಿಯ ತಾಯಿಯೂ ಹಾಕಿದಳು. ಆಮೇಲೆ ಯಾರ ಅಪ್ಪಣೆಯನ್ನೂ ಕೇಳದೆ ಬೇವಿನ ಮರದ ಕಡೆ ಇಳಿದರು. ಕಲ್ಲು ಒಡೆಯುತ್ತಿದ್ದ ಗಂಡಸರು ಸುತ್ತಿಗೆ ಕೆಳಗಿಟ್ಟರು.

ಅಜ್ಜಾರು ಕೋಲೂರಿ ಏರಿ ಬಂದರು. ಗಾಯ ಬಾಯಿಬಿಟ್ಟು ಹೆಜ್ಜೆಹೆಜ್ಜೆಗೂ ಕಲ್ಲಿನ ಮೇಲೆ ರಕ್ತದ ಗುರುತು ಬಿದ್ದಿತ್ತು. ಹಿಂದೆಯೇ ಏದುಸಿರು ಬಿಡುತ್ತ ರಾಚಪ್ಪ ಬಂದ. ಎಲೆಗಳನ್ನು ನೋಡಿದ. ನಿಂತುಹೋದ ಸುತ್ತಿಗೆಗಳನ್ನೂ ನೋಡಿದ. ಅವನ ಮುಖದ ಬಣ್ಣ ಇಳಿಯಿತು.

ಅಜ್ಜಾರು ನಿರಂಜನನ ಕಡೆ ಕೈ ಚಾಚಿದರು. "ಚಾಪಿ ಎಲ್ಲಿ?"

"ಮಠದಾಗ ಉಳೀತ್ರಿ."

"ಬೇಕಾಗಿಲ್ಲ."

ಅವರು ಹುಲಿಗೆವ್ವನ ಎದುರು, ಕಲ್ಲಿನ ಪುಡಿಯಲ್ಲಿ ಕೂತರು. ನಿರಂಜನನೂ ಕೂತ. ರಾಚಪ್ಪ ಮಾತ್ರ ನಿಂತೇ ಇದ್ದ. ಬಿಳಿ ಪಂಚೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಿದ್ದ.

"ಆತ್ರಿ ಅಜ್ಜಾರ," ಎಂದ. "ನಿಮ್ಮ ಮಾತಿಗೆ ಎರಡೂ ಸಲ ಬಿಡತೀನಿ. ಆದ್ರ ಲಗೂನ ಮುಗಿಸಬೇಕು. ಒಂದು ಸಲಕ್ಕ ಎಷ್ಟು ಹೊತ್ತು ಅಂತ ನೀವ ಒಂದು ಲೆಕ್ಕಕ್ಕ ತಂದುಬಿಡ್ರಿ."

ಅಜ್ಜಾರು ಕೋಲನ್ನು ಅವನ ಹೆಗಲ ಮೇಲೆ ಇಟ್ಟು ಒತ್ತಿದರು. ರಾಚಪ್ಪ ಪುಡಿಯಲ್ಲಿ ಕುಸಿದು ಕೂತ.

"ಕೂಡ್ರು," ಎಂದರು. "ಆ ಕೂಸು ತಾನಾಗಿ ಮೊಲಿ ಬಿಡೋತನಕ ಇಲ್ಲಿಂದ ಯಾರೂ ಏಳೂದಿಲ್ಲ."